ಒದೆಗೆ ದಾರಿ ಬಿಟ್ಟವರು

ಕೊಪ್ಪಳದ ಗವಿಮಠದ ಜಾತ್ರೆಯಿರಲಿ, ಹುಲಿಗೆಮ್ಮನ ಜಾತ್ರೆಯಿರಲಿ, ಗಂಗಾವತಿ ಆಚೆಯ ಕನಕಗಿರಿಯ ತೇರಿರಲಿ, ಬೆಂಡು-ಬತ್ತಾಸಿನ ಸಾಲು ಮುಗಿಯುವಲ್ಲಿ ಬಲೂನಿನ ಅಂಗಡಿಯೊಂದು ಇದ್ದೇ ಇರುತ್ತದೆ. ಹಲಗೆಗೆ ಸಾಲಾಗಿ ಕಟ್ಟಿದ ಬಲೂನು, ಮುಂದೊಂದು ಮೇಜು, ಅದರ ಮೇಲೆ ನಳಿಗೆ ಮಡಚಿ ಗುಂಡು ತುಂಬುವ ಒಂದೆರಡು ಏರ್‌ಗನ್. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದ ಹುಡುಗರು ಉಸಿರು ಬಿಗಿಹಿಡಿದು, ಬಂದೂಕನ್ನು ಅದಕ್ಕಿಂತ ಬಿಗಿಹಿಡಿದು ಹೊಡೆಯುತ್ತಾರೆ. ತಪ್ಪುತ್ತದೆ. ‘ಇದರ ನಳಗಿ ಸೊಟ್ಟ ಐತಿ ಬಿಡಲೇ’ ಎಂದು ಗೆಳೆಯರ ಕಡೆ ತಿರುಗುತ್ತಾರೆ. ಅಂಗಡಿಯವನ ಉತ್ತರ ಸಿದ್ಧವಾಗಿರುತ್ತದೆ: ‘ನಳಗಿ ನೆಟ್ಟಗ ಐತ್ರೀ. ನೀವು ಬಿಗಿ ಹಿಡದೀರಿ, ಸಡ್ಲ ಹಿಡೀರಿ.’

ನಳಿಗೆಯ ಬಗ್ಗೆ ಅವನು ಹೇಳಿದ್ದನ್ನು ನಂಬಬೇಕೆಂದೇನಿಲ್ಲ. ಸಡಿಲ ಹಿಡಿಯಿರಿ ಎಂದದ್ದನ್ನು ಮಾತ್ರ ನಂಬಬೇಕು. ಆ ಒಂದು ಮಾತಿಗೆ ಯುರೋಪಿನ ಎಂಜಿನಿಯರುಗಳು ಎಷ್ಟೋ ವರ್ಷ ತಲೆ ಕೆಡಿಸಿಕೊಂಡರು. ಒಲಿಂಪಿಕ್ಸ್ ಮಟ್ಟದ ಏರ್ ರೈಫಲ್ ಹುಟ್ಟಿದ್ದೇ ಆ ಸಡಿಲವನ್ನು ಲೋಹದಲ್ಲಿ ಕೂರಿಸಲು ಕಲಿತ ಮೇಲೆ.

ಜಾತ್ರೆಯ ಬಂದೂಕಿನೊಳಗೆ ಮದ್ದಿಲ್ಲ, ಬೆಂಕಿಯಿಲ್ಲ. ಒಂದು ದಪ್ಪ ಸ್ಪ್ರಿಂಗು, ಅದರ ಮುಂದೆ ಉಕ್ಕಿನ ಪಿಸ್ಟನ್. ನಳಿಗೆ ಮಡಚಿದಾಗ ಸ್ಪ್ರಿಂಗು ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಕೊಂಡಿ ಬಿಟ್ಟು ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಅದರ ಮುಂದಿನ ಗಾಳಿ ಹಿಂಡಿಕೊಂಡು ಗುಂಡನ್ನು ದೂಡುತ್ತದೆ. ಗುಂಡಿನ ತೂಕ ಅರ್ಧ ಗ್ರಾಂ, ಪಿಸ್ಟನ್ನಿನದು ಇನ್ನೂರು ಗ್ರಾಂ ಆಸುಪಾಸು. ಹಾಗಾಗಿ ಈ ಬಂದೂಕು ಒದೆಯುವುದು ಗುಂಡಿನಿಂದಲ್ಲ, ತನ್ನದೇ ಪಿಸ್ಟನ್ನಿನಿಂದ. ಲೆಕ್ಕ ಹಾಕಿ ನೋಡಿ: ಪಿಸ್ಟನ್ 200 ಗ್ರಾಂ, ಅದು ಓಡುವ ದೂರ 70 ಮಿಲಿಮೀಟರ್, ಒಟ್ಟು ಬಂದೂಕು 2.8 ಕಿಲೊ ಎಂದಿಟ್ಟುಕೊಂಡರೆ, ಪಿಸ್ಟನ್ ಮುಂದೆ ಹೋಗುವಷ್ಟರಲ್ಲಿ ಬಂದೂಕು 5 ಮಿಲಿಮೀಟರ್ ಹಿಂದೆ ಸರಿಯಲೇಬೇಕು. ಆ ಮೇಲೆ ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಲ್ಲುತ್ತದೆ, ಬಂದೂಕು ಈ ಸಲ ಮುಂದಕ್ಕೆ ಜಗ್ಗುತ್ತದೆ. ಹಿಂದೊಮ್ಮೆ, ಮುಂದೊಮ್ಮೆ, ಎರಡು ಒದೆ. ಈ ಗಲಾಟೆ ನಡೆಯುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ.

ಮದ್ದಿನ ಬಂದೂಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕೊಡಗಿನ ಕೈಲ್‌ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಹನ್ನೆರಡು ಬೋರಿನ ಕೋವಿ ಭುಜಕ್ಕೆ ಜೋರಾಗಿಯೇ ಗುದ್ದುತ್ತದೆ. ಆದರೆ ಆ ಗುದ್ದಿನ ಹೆಚ್ಚಿನ ಪಾಲು ಭುಜಕ್ಕೆ ತಲುಪುವ ಹೊತ್ತಿಗೆ ಗುಂಡು ನಳಿಗೆ ದಾಟಿರುತ್ತದೆ. ಸ್ಪ್ರಿಂಗಿನ ಏರ್‌ಗನ್ನಿನ ಒದೆ ಮೆತ್ತಗೆ, ಹಾನಿ ಮಾತ್ರ ಹೆಚ್ಚು. ಒಂದು ಮೀಟರ್ ಉದ್ದದ ಬಂದೂಕಿನ ಮೂತಿ ಅರ್ಧ ಮಿಲಿಮೀಟರ್ ಓರೆಯಾದರೆ 10 ಮೀಟರ್ ಆಚೆ ಗುಂಡು 5 ಮಿಲಿಮೀಟರ್ ತಪ್ಪುತ್ತದೆ. ಸ್ಪರ್ಧೆಯ ಗುರಿಹಾಳೆಯಲ್ಲಿ ವೃತ್ತದಿಂದ ವೃತ್ತಕ್ಕೆ ಇರುವ ಅಂತರ 2.5 ಮಿಲಿಮೀಟರ್, ನಟ್ಟನಡುವಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಅಂದರೆ ಎರಡು ಅಂಕ ಹೋದಂತೆಯೇ. ಬಿಗಿ ಹಿಡಿದರೆ ಬಂದೂಕು ಕೈಯ ಬಲಕ್ಕೆ ಒಂದೊಂದು ಸಲ ಒಂದೊಂದು ದಿಕ್ಕಿಗೆ ಹೊರಳುತ್ತದೆ. ಸಡಿಲ ಬಿಟ್ಟರೆ ಪ್ರತಿ ಸಲವೂ ನೇರ ಹಿಂದಕ್ಕೇ ಸರಿಯುತ್ತದೆ. ಅಂಗಡಿಯವನು ಹೇಳಿದ್ದು ಇಷ್ಟನ್ನೇ.

ಒದೆಯ ಕಾಟ ಏರ್‌ಗನ್ನಿಗಿಂತ ಬಹಳ ಹಳೆಯದು. ಕೊಪ್ಪಳದ ಕೋಟೆಯನ್ನು ಟಿಪ್ಪು 1786ರಲ್ಲಿ ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. 1790ರಲ್ಲಿ ನಿಜಾಮನ ಸೈನ್ಯವೂ ಇಂಗ್ಲಿಷರ ತುಕಡಿಗಳೂ ಸೇರಿ ಮುತ್ತಿಗೆ ಹಾಕಿದಾಗ ಅದು ತಿಂಗಳುಗಟ್ಟಲೆ ಬಗ್ಗಲಿಲ್ಲ, ಕೈಬಿಟ್ಟದ್ದು 1791ರಲ್ಲಿ. ಆ ಕಾಲದ ತೋಪುಗಳೆಲ್ಲ, ಕೋಟೆಯ ಮೇಲಿನವೂ ಕೆಳಗಿನವೂ, ಹೊಡೆದೊಡನೆ ಗಾಡಿಸಮೇತ ಹಿಂದಕ್ಕೆ ಉರುಳುತ್ತಿದ್ದವು. ಉರುಳಿದ್ದನ್ನು ನಾಲ್ಕೈದು ಜನ ದೂಡಿ ಮತ್ತೆ ಜಾಗಕ್ಕೆ ತರಬೇಕು, ಮತ್ತೆ ಮೊದಲಿನಿಂದ ಗುರಿ ಹಿಡಿಯಬೇಕು. ಹಡಗಿನಲ್ಲಾದರೆ ದಪ್ಪ ಹಗ್ಗ ಕಟ್ಟುತ್ತಿದ್ದರು, ಕೊತ್ತಲದಲ್ಲಾದರೆ ಹಿಂದಿನ ನೆಲವನ್ನು ಏರು ಮಾಡುತ್ತಿದ್ದರು. ಕಟ್ಟುವುದು, ಅಡ್ಡ ಹಾಕುವುದು, ಏರು ಹತ್ತಿಸುವುದು: ಎಲ್ಲವೂ ತಡೆಯುವ ಉಪಾಯಗಳೇ. ತೋಪನ್ನು ಬಿಗಿಯಾಗಿ ನೆಲಕ್ಕೆ ಕಚ್ಚಿಸಿದರೆ ಗಾಡಿಯ ಕಟ್ಟಿಗೆಯೇ ಸೀಳುತ್ತಿತ್ತು.

ಒದೆಯೇ ಇಲ್ಲದ ಆಯುಧ ಆಗಲೇ ಟಿಪ್ಪುವಿನ ಸೈನ್ಯದಲ್ಲಿತ್ತು ಎಂಬುದು ಮಜವಾದ ಸಂಗತಿ. ಮೈಸೂರಿನ ರಾಕೆಟ್ಟು ತನ್ನ ಹೊಗೆಯನ್ನೇ ಹಿಂದಕ್ಕೆ ಉಗುಳಿ ಮುಂದೆ ಹೋಗುತ್ತದೆ, ಅದನ್ನು ಹಾರಿಸುವ ಚೌಕಟ್ಟಿನ ಮೇಲೆ ಭಾರ ಬೀಳುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಾಳು ಬಾವಿಯೊಂದರ ಹೂಳಿನಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಮೈಸೂರಿನ ಮಾದರಿಯಿಂದ ಕಲಿತು ತನ್ನ ರಾಕೆಟ್ ಮಾಡಿದಾಗ ಮುಖ್ಯವಾಗಿ ಎತ್ತಿ ಹೇಳಿದ ಲಾಭವೂ ಇದೇ. ದೊಡ್ಡ ತೋಪು ಹೊಡೆದರೆ ಚಿಕ್ಕ ದೋಣಿ ತಡೆಯುವುದಿಲ್ಲ, ರಾಕೆಟ್ಟಿಗೆ ದೋಣಿ ಸಾಕು. 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆ ಅವು ಬಿದ್ದವು. ಆದರೆ ರಾಕೆಟ್ಟು ಗುರಿಗೆ ನಂಬಿಕಸ್ಥನಲ್ಲ. ಒದೆಯೂ ಇರಬಾರದು, ಗುರಿಯೂ ತಪ್ಪಬಾರದು ಎಂದರೆ ನಳಿಗೆ ಬೇಕು. ನಳಿಗೆ ಇದ್ದರೆ ಒದೆ ಬಂದೇ ಬರುತ್ತದೆ.

ಹೊಸ ದಾರಿ ಹೊಳೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಕೊನ್ರಾಡ್ ಹೌಸ್ನರ್ ಎಂಬ ಜರ್ಮನ್ ಎಂಜಿನಿಯರು, ತೋಪಿನ ಗಾಡಿ ಅಲುಗಾಡುವುದು ಬೇಡ, ಅದರ ಮೇಲಿನ ನಳಿಗೆ ಮಾತ್ರ ಹಿಂದೆ ಜಾರಲಿ, ಅದೂ ಉದ್ದಕ್ಕೆ ಜಾರಲಿ ಎಂದ. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರು ಲಾರಿಯಿಂದ ಬೀಳುವ ಭತ್ತದ ಚೀಲಕ್ಕೆ ಬೆನ್ನು ಕೊಡುವಾಗ ಸೆಟೆದು ನಿಲ್ಲುವುದಿಲ್ಲ, ಚೀಲದ ಜೊತೆಗೇ ಮೊಣಕಾಲು ಬಗ್ಗಿಸಿ ಇಳಿಯುತ್ತಾರೆ. ಭಾರ ಅಷ್ಟೇ, ಅದನ್ನು ತಾಳಲು ಸಿಕ್ಕ ಹೊತ್ತು ಹೆಚ್ಚು, ಆದ್ದರಿಂದ ಬೆನ್ನಿಗೆ ಬೀಳುವ ಪೆಟ್ಟು ಕಡಿಮೆ. ಹೌಸ್ನರ್ ಕೇಳಿದ್ದೂ ಅದನ್ನೇ: ಬಲ ಕಡಿಮೆಯಾಗಬೇಕಾದರೆ ದೂರ ಹೆಚ್ಚಲಿ. ಕ್ರುಪ್ ಕಾರ್ಖಾನೆಯವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸುದ್ದಿ ಫ್ರಾನ್ಸಿಗೆ ತಲುಪಿತು. ಅಲ್ಲಿನ ತೋಪುಖಾನೆಯ ಮುಖ್ಯಸ್ಥ ಜನರಲ್ ಮಾತ್ಯೂ ಪುಟೋ ಕಾರ್ಖಾನೆಯ ಕರ್ನಲ್ ದಪೋರ್‌ಗೆ, ಇಂಥದ್ದು ಆಗುತ್ತದೆಯೇ ನೋಡಿ ಎಂದ.

ದಪೋರ್ ಮಾಡಿದ್ದು ಹೀಗೆ. ನಳಿಗೆಯ ಕೆಳಗೆ ಎಣ್ಣೆ ತುಂಬಿದ ಸಿಲಿಂಡರ್. ನಳಿಗೆ ಹಿಂದೆ ಜಾರಿದಾಗ ಎಣ್ಣೆ ಸಣ್ಣ ತೂತಿನ ಮೂಲಕ ಇನ್ನೊಂದು ಸಿಲಿಂಡರಿಗೆ ನುಗ್ಗಬೇಕು. ಅಲ್ಲಿ ತೇಲುವ ಪಿಸ್ಟನ್ ಒಂದು, ಅದರಾಚೆ ಒತ್ತಿಟ್ಟ ಗಾಳಿ. ಸಣ್ಣ ತೂತಿನಲ್ಲಿ ನುಗ್ಗುವಾಗ ಎಣ್ಣೆ ಬಿಸಿಯಾಗಿ ಒದೆಯ ಬಹುಪಾಲು ಶಕ್ತಿಯನ್ನು ನುಂಗುತ್ತದೆ, ಉಳಿದದ್ದು ಗಾಳಿಯಲ್ಲಿ ಕೂಡಿಟ್ಟುಕೊಂಡು ನಳಿಗೆಯನ್ನು ಮತ್ತೆ ಜಾಗಕ್ಕೆ ತರುತ್ತದೆ. ಕಾಗದದ ಮೇಲೆ ಸರಿ. ಮಾಡಿ ನೋಡಿದರೆ ಸೀಲುಗಳು ಸೋರಿದವು. ದಪೋರ್ 1894ರಲ್ಲಿ ಸೈನ್ಯ ಬಿಟ್ಟು ಹೋದ ಮೇಲೆ ಸೇಂತ್-ಕ್ಲೇರ್ ದವಿಲ್ ಮತ್ತು ರಿಮಾಯೋ ಎಂಬ ಇಬ್ಬರು ಕ್ಯಾಪ್ಟನ್ನರು ಆ ಸೋರಿಕೆಯ ಹಿಂದೆ ಬಿದ್ದು ಅದನ್ನು ಗೆದ್ದರು. ಆವಿಷ್ಕಾರದ ಕತೆಗಳಲ್ಲಿ ಹೊಳಹು ಕೊಟ್ಟವರ ಹೆಸರು ಉಳಿಯುತ್ತದೆ, ಸೀಲು ಕೂರಿಸಿದವರದು ಸಾಮಾನ್ಯವಾಗಿ ಉಳಿಯುವುದಿಲ್ಲ. ಇಲ್ಲಿ ಉಳಿದಿದೆ, ಸಂತೋಷ. 1897ರ ಆ 75 ಮಿಲಿಮೀಟರ್ ತೋಪಿನ ನಳಿಗೆ ಒಂದು ಮೀಟರಿಗೂ ಹೆಚ್ಚು ಹಿಂದೆ ಹೋಗಿ ಬರುತ್ತಿತ್ತು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಗಾಲಿಯ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ ಎಂದು ಫ್ರೆಂಚರು ಬೀಗುತ್ತಿದ್ದರಂತೆ. ಹಳೆಯ ತೋಪು ನಿಮಿಷಕ್ಕೆ ಒಂದೆರಡು ಹೊಡೆಯುವಲ್ಲಿ ಇದು ಹದಿನೈದು ಹೊಡೆಯಿತು.

ಈ ಎಣ್ಣೆ-ಗಾಳಿಯ ಸರಂಜಾಮು ಐದು ಕಿಲೊ ತೂಗುವ ಬಂದೂಕಿಗೆ ಹಿಡಿಸುವುದಿಲ್ಲ. ಅದನ್ನು ಚಿಕ್ಕದಾಗಿಸಿದ ಕತೆ ನಡೆದದ್ದು ನೆಕ್ಕರ್ ನದಿಯ ದಂಡೆಯ ಓಬರ್ನ್‌ಡೋರ್ಫ್ ಎಂಬ ಊರಿನಲ್ಲಿ. ಅದು ಮೌಸರ್ ಬಂದೂಕಿನ ತವರು. ಎರಡನೆಯ ಮಹಾಯುದ್ಧ ಮುಗಿದಾಗ ಫ್ರೆಂಚರು ಮೌಸರ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಒಯ್ದರು. ಜರ್ಮನ್ನರು ಬಂದೂಕು ಮಾಡುವಂತಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಕಾರ್ಲ್ ವೆಸ್ಟಿಂಗರ್, ಎರ್ನ್ಸ್ಟ್ ಆಲ್ಟೆನ್‌ಬರ್ಗರ್ ಇಬ್ಬರೂ ಸೇರಿ 1949ರಲ್ಲಿ ಫೈನ್‌ವೆರ್ಕ್‌ಬಾವ್ ಎಂಬ ಸೂಕ್ಷ್ಮ ಯಂತ್ರಗೆಲಸದ ಸಂಸ್ಥೆ ತೆರೆದರು. ವೆಸ್ಟಿಂಗರ್ ಸಾಮಾನ್ಯನಲ್ಲ, ಮೌಸರ್ ಪಿಸ್ತೂಲನ್ನು ಸತತವಾಗಿ ಹೊಡೆಯುವಂತೆ ಮಾಡಿದ ವಿನ್ಯಾಸಕ್ಕೆ ಅವನದೇ ಹೆಸರಿದೆ. ಅಂಥವನ ಕೈಗೆ 1950ರ ದಶಕದಲ್ಲಿ ಸಿಕ್ಕದ್ದು ಏರ್‌ಗನ್. ಏರ್‌ಗನ್ ಮಾಡಲು ಮೊದಲು ಅನುಮತಿ ಸಿಕ್ಕಿತ್ತು, ಜರ್ಮನಿಯ ಊರೂರಿನ ಶೂಟಿಂಗ್ ಸಂಘಗಳು ಅದನ್ನೇ ಹಿಡಿದು ಮತ್ತೆ ಎದ್ದಿದ್ದವು. ಮಕ್ಕಳಾಟದ ಸಾಮಾನು ದೊಡ್ಡವರ ಸ್ಪರ್ಧೆಯ ಆಯುಧವಾಗಬೇಕಾದ ಒತ್ತಡ ಹೀಗೆ ಬಂತು.

ಇವರು ಪಿಸ್ಟನ್ನಿನ ಒದೆಯನ್ನು ಎಣ್ಣೆಗೆ ಕುಡಿಸಲು ಹೋಗಲಿಲ್ಲ. ನಳಿಗೆ, ಸಿಲಿಂಡರ್, ಪಿಸ್ಟನ್, ಸೈಟು ಎಲ್ಲವನ್ನೂ ಒಂದೇ ಗಟ್ಟಿ ಜೋಡಣೆ ಮಾಡಿ, ಆ ಇಡೀ ಜೋಡಣೆಯನ್ನು ಕಟ್ಟಿಗೆಯ ಸ್ಟಾಕಿನೊಳಗೆ ಉಕ್ಕಿನ ಹಳಿಗಳ ಮೇಲೆ ಕೂರಿಸಿದರು. ಗುರಿ ಹಿಡಿಯುವಾಗ ಒಂದು ಕೊಂಡಿ ಅದನ್ನು ಅಲುಗದಂತೆ ಹಿಡಿದಿರುತ್ತದೆ. ಟ್ರಿಗರ್ ಪಿಸ್ಟನ್ನನ್ನು ಬಿಡುವ ಕ್ಷಣಕ್ಕೆ ಆ ಕೊಂಡಿಯೂ ಬಿಡುತ್ತದೆ. ಪಿಸ್ಟನ್ ಮುಂದೆ, ಜೋಡಣೆ ಹಿಂದೆ. ಕೆನ್ನೆಗೂ ಭುಜಕ್ಕೂ ತಾಗಿರುವ ಸ್ಟಾಕ್ ಮಾತ್ರ ಇದ್ದಲ್ಲೇ. ಹೊಡೆಯುವವನಿಗೆ ಗೊತ್ತಾಗುವುದು ಒಂದೇ, ಹಿಂದಿನ ಸೈಟು ಕಣ್ಣಿನ ಕಡೆಗೆ ತುಸು ಸರಿದು ಬಂದಂತೆ. 1960ರ ದಶಕದ ಆರಂಭದಲ್ಲಿ ಈ ಹಳಿಯ ಏರ್ ರೈಫಲ್ಲುಗಳು ಬಂದವು, 1965ರಲ್ಲಿ ಅದೇ ತತ್ವದ ಪಿಸ್ತೂಲು ಬಂತು. ಹತ್ತು ಮೀಟರಿನ ಏರ್ ರೈಫಲ್ 1966ರಲ್ಲಿ ವೀಸ್‌ಬಾಡೆನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಸೇರಿದ್ದರ ಹಿಂದೆ ಇಂಥ ಬಂದೂಕುಗಳ ಪಾಲು ದೊಡ್ಡದು ಎಂದೇ ನನ್ನ ಎಣಿಕೆ. ಸಡಿಲ ಹಿಡಿಯುವ ಕಸುಬನ್ನು ಕೈಯಿಂದ ಕಿತ್ತು ಹಳಿಗೆ ಕೊಟ್ಟದ್ದು ಇವರು.

ರಾಸ್ಟಾಟ್ ಊರಿನ ಡಯಾನಾ ಕಂಪನಿಯವರದು ಬೇರೆಯೇ ಹಾದಿ. ಕುರ್ಟ್ ಗಿಸ್ ಎಂಬವನ ಪೇಟೆಂಟು ಅವರ ಕೈಯಲ್ಲಿತ್ತು. ಒಂದು ಪಿಸ್ಟನ್ ಮುಂದೆ ಹಾರುವುದರಿಂದ ತಾನೇ ಬಂದೂಕು ಹಿಂದೆ ಬರುವುದು? ಹಾಗಿದ್ದರೆ ಅಷ್ಟೇ ತೂಕದ ಇನ್ನೊಂದು ಪಿಸ್ಟನ್ ಅದೇ ಹೊತ್ತಿಗೆ ಹಿಂದೆ ಹಾರಲಿ. ಎರಡನ್ನೂ ಹಲ್ಲುಚಕ್ರದಿಂದ ಬೆಸೆದ. ಗಾಳಿ ಹಿಂಡುವುದು ಮುಂದಿನದು ಮಾತ್ರ, ಹಿಂದಿನದರ ಕೆಲಸ ಬರೀ ತೂಗಿಸುವುದು. ಅಮೆರಿಕದ ನೌಕಾಪಡೆಯ ಡೇವಿಸ್ ಎಂಬ ಅಧಿಕಾರಿ ಮೊದಲ ಮಹಾಯುದ್ಧದ ಹೊತ್ತಿಗೇ ಮುಂದೆ ಗುಂಡು, ಹಿಂದೆ ಅಷ್ಟೇ ತೂಕದ ಸೀಸದ ಚರೆ-ಗ್ರೀಸು ಹಾರಿಸುವ ತೋಪನ್ನು ವಿಮಾನಕ್ಕೆಂದು ಮಾಡಿದ್ದ. ಹಿಂದೆ ನಿಂತವನ ಗತಿ ಕೇಳಬೇಡಿ. ಗಿಸ್ ಅದನ್ನು ಉಕ್ಕಿನ ಕೊಳವೆಯೊಳಗೇ ಮುಚ್ಚಿಟ್ಟ. 1960ರ ಪಿಸ್ತೂಲು, 1963ರ ರೈಫಲ್ಲು ಈ ಜೋಡಿ ಪಿಸ್ಟನ್ನಿನವು.

ಕೈಗೆ ಹಿಡಿದವರು ಗಿಸ್ ಬಂದೂಕೇ ಹೆಚ್ಚು ನಯ ಎನ್ನುತ್ತಾರೆ. ಅದನ್ನು ಬಿಚ್ಚಿದವರು ಹಾಗೆನ್ನುವುದಿಲ್ಲ. ಹಲ್ಲುಚಕ್ರವನ್ನು ಮರಳಿ ಕೂರಿಸುವಾಗ ಒಂದೇ ಒಂದು ಹಲ್ಲು ಆಚೀಚೆಯಾದರೆ ಎರಡು ಪಿಸ್ಟನ್ನುಗಳ ತಾಳ ತಪ್ಪಿ, ಒದೆಯಿಲ್ಲದ ಬಂದೂಕು ಒದೆಯತೊಡಗುತ್ತದೆ. ಜೊತೆಗೆ ಆ ಕಾಲದ ಮೂಲ ಸೀಲುಗಳ ಪ್ಲಾಸ್ಟಿಕ್ಕು ದಶಕಗಳು ಕಳೆದಂತೆ ಮೇಣದಂತಾಗಿ ಪುಡಿಯಾಗುತ್ತದೆ. ಯಾರೂ ಹೊಡೆಯದೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಬಂದೂಕಿನಲ್ಲೂ ಹೀಗಾಗುತ್ತದೆ. ಅಲ್ಲಿಗೆ ಬಿಡಿಭಾಗದ ಪ್ರಶ್ನೆ ಬಂತು. ಇಲ್ಲಿ ಎಡವುವವರೇ ಬಹಳ.

ಬಿಡಿಭಾಗ ಒಂದನ್ನೇ ನೋಡಿ ಹೊಂದುತ್ತದೋ ಇಲ್ಲವೋ ಹೇಳಲಾಗದು ಎಂಬುದನ್ನು ಜಗತ್ತು ದುಬಾರಿಯಾಗಿ ಕಲಿತದ್ದು ಅಮೆರಿಕದಲ್ಲಿ. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಎಳೆದ ನಕ್ಷೆಯಿಂದ ಬಂದ ರೈಫಲ್ಲುಗಳಲ್ಲಿ ಭುಜಕ್ಕೆ ತಾಗುವ ಸ್ಟಾಕಿನೊಳಗೆ ಉದ್ದನೆಯ ಕೊಳವೆ, ಕೊಳವೆಯಲ್ಲಿ ಸ್ಪ್ರಿಂಗು, ಅದರ ತುದಿಗೆ ಬಫರ್ ಎಂಬ ತೂಕದ ತುಂಡು. ಬೋಲ್ಟನ್ನು ಹೊತ್ತ ಉಕ್ಕಿನ ಗಟ್ಟಿ ಹಿಂದೆ ಬಂದಾಗ ಅದನ್ನು ತಾಳಿಕೊಂಡು ಮರಳಿ ಮುಂದೆ ಕಳಿಸುವುದು ಬಫರ್ ಕೆಲಸ. ಸೈನ್ಯ 1960ರ ದಶಕದಲ್ಲಿ ತೋಟೆಯ ಮದ್ದನ್ನು ಬದಲಿಸಿತು. ಅದಕ್ಕೆ ತಕ್ಕಂತೆ ಬಫರನ್ನು ಬದಲಿಸಲಿಲ್ಲ. ಹೊಸ ಮದ್ದಿನ ಅನಿಲ ಬೇರೆ ರೀತಿಯಲ್ಲಿ ಒತ್ತಿತು, ಒಳಗಿನ ಗಟ್ಟಿ ಬೇಗ ಓಡಿತು, ನಿಮಿಷಕ್ಕೆ 850ರ ಮಿತಿಯನ್ನು ದಾಟಿ ಹೊಡೆಯಿತು, ಮುಂದೆ ಬಡಿದು ಪುಟಿಯಿತು. ಹಳೆಯ ಬಫರ್ ಇದಕ್ಕೆ ಸಾಲಲಿಲ್ಲ. ಕೋಲ್ಟ್ ಕಂಪನಿಯ ಫಾಸ್ಟರ್ ಸ್ಟರ್ಟೆವಂಟ್ ಹೊಸದನ್ನು ಮಾಡಿದ: ಟೊಳ್ಳು ಅಲ್ಯೂಮಿನಿಯಂ ಕೊಳವೆ, ಒಳಗೆ ಸರಿದಾಡುವ ಉಕ್ಕಿನ ತುಂಡುಗಳು, ನಡುನಡುವೆ ರಬ್ಬರಿನ ಬಿಲ್ಲೆಗಳು. ಗಟ್ಟಿ ಮುಂದೆ ಬಡಿದು ಪುಟಿಯಲು ಹೊರಟ ಗಳಿಗೆಗೆ ಸರಿಯಾಗಿ, ತಡವಾಗಿ ಬಂದ ಈ ತುಂಡುಗಳು ಹಿಂದಿನಿಂದ ತಟ್ಟಿ ಅದನ್ನು ಕೂರಿಸುತ್ತವೆ. ಮದ್ದು ಬದಲಾಯಿಸಿದ ಕೆಲವು ವರ್ಷಗಳಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ಕುಳಿತು ವಿಚಾರಣೆ ನಡೆಸಬೇಕಾಯಿತು.

ಇಂದು ಅಲ್ಲಿ ಇದೇ ಮನೆತನದ ರೈಫಲ್ಲುಗಳಲ್ಲಿ ಸ್ಪರ್ಧಿಸುವವರು ಬಫರಿನ ತೂಕಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಗಿಡ್ಡ ಕೊಳವೆಯದು ಸುಮಾರು 85 ಗ್ರಾಂ, ಅದೇ ಅಳತೆಯಲ್ಲಿ ಭಾರದ್ದು 150 ಗ್ರಾಂ ಮೀರುತ್ತದೆ. ಉದ್ದ ಕೊಳವೆಯ ಬಫರ್ ಬೇರೆ, ಅದರ ಸ್ಪ್ರಿಂಗೂ ಬೇರೆ. ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ಕೊಳವೆಯ ಹೊರ ವ್ಯಾಸದಲ್ಲೂ ಎರಡು ಪಂಗಡ, 1.148 ಅಂಗುಲ ಮತ್ತು 1.168 ಅಂಗುಲ. ವ್ಯತ್ಯಾಸ ಅರ್ಧ ಮಿಲಿಮೀಟರ್, ನಮ್ಮ ಗುರಿಹಾಳೆಯ ಹತ್ತರ ಚುಕ್ಕೆಯಷ್ಟು, ಅಷ್ಟಕ್ಕೇ ಒಂದರ ಸ್ಟಾಕ್ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಹಗುರ ಬಫರ್ ಹಾಕಿದರೆ ಒದೆ ಚುರುಕು, ಭಾರದ್ದು ಹಾಕಿದರೆ ನಿಧಾನ. ತೀರಾ ಭಾರವಾದರೆ ಬೋಲ್ಟ್ ಪೂರ್ತಿ ಹಿಂದೆ ಬಾರದೆ ಮುಂದಿನ ತೋಟೆಯನ್ನೇ ಎತ್ತಿಕೊಳ್ಳುವುದಿಲ್ಲ. ತೋಟೆ, ಅನಿಲದ ತೂತು, ಸ್ಪ್ರಿಂಗು, ತೂಕ ನಾಲ್ಕೂ ಒಂದೇ ಲೆಕ್ಕದೊಳಗಿನವು.

ಕೊಪ್ಪಳದ ಸೀಮೆಯಲ್ಲಿ ಅಂಥ ರೈಫಲ್ಲಿನ ಮಾತು ದೂರ. ಇಲ್ಲಿನ ಹುಡುಗಿಯೋ ಹುಡುಗನೋ ಶೂಟಿಂಗ್ ಕಲಿಯುವುದಾದರೆ ಮೊದಲು ಹಿಡಿಯುವುದು 4.5 ಮಿಲಿಮೀಟರಿನ ಏರ್ ರೈಫಲ್ಲನ್ನೇ. ಹೊಸ ಮ್ಯಾಚ್ ರೈಫಲ್ಲಿನ ಬೆಲೆ ಕೇಳಿದರೆ ಅಪ್ಪಂದಿರು ಹೊಲದ ಪಹಣಿ ನೆನಪಿಸಿಕೊಳ್ಳುವಂತಿದೆ. ಹಾಗಾಗಿ ಕೈಯಿಂದ ಕೈಗೆ ಬಂದ ಹಳೆಯ ಜರ್ಮನ್ ಬಂದೂಕಿನ ಮೇಲೆ ಯಾರಿಗಾದರೂ ಕಣ್ಣು ಬೀಳುವುದು ಸಹಜ, ಅದು ಹಳಿಯದ್ದೇ ಆಗಿದ್ದರೆ ಒಂದು ಸಂಗತಿ ಗೊತ್ತಿರಬೇಕು. ಜೋಡಣೆ ಎಷ್ಟು ದೂರ ಹಿಂದೆ ಸರಿಯುತ್ತದೆ ಎಂಬುದನ್ನು ಸ್ಪ್ರಿಂಗಿನ ಬಲ ತೀರ್ಮಾನಿಸುವುದಿಲ್ಲ. ಪಿಸ್ಟನ್ನಿನ ತೂಕವೂ ಓಟವೂ ತೀರ್ಮಾನಿಸುತ್ತವೆ, ಮೇಲೆ ಜಾತ್ರೆಯ ಬಂದೂಕಿಗೆ ಹಾಕಿದ ಲೆಕ್ಕವೇ ಇಲ್ಲಿಯೂ. ಬೇರೆ ಮಾದರಿಯ ಭಾರದ ಪಿಸ್ಟನ್ ತುರುಕಿದರೆ ಜೋಡಣೆ ಹಳಿಯ ಕೊನೆಗೆ ಬಡಿಯುತ್ತದೆ, ಹಳಿ ಇದ್ದೂ ಇಲ್ಲದಂತೆ. ಬಲವಾದ ಸ್ಪ್ರಿಂಗು ಹಾಕಿದರೆ ದೂರ ಅಷ್ಟೇ ಇದ್ದು ವೇಗ ಏರುತ್ತದೆ, ಪಿಸ್ಟನ್ ಗಾಳಿಯ ಮೆತ್ತೆಯಿಂದ ಪುಟಿಯುತ್ತದೆ. ಗುಂಡಿನ ವೇಗ ಸ್ವಲ್ಪ ಹೆಚ್ಚಿದರೂ ಗುರಿಹಾಳೆಯಲ್ಲಿ ಹೊಡೆತಗಳ ಗುಂಪು ಚದುರುತ್ತದೆ. ಹತ್ತು ಮೀಟರಿಗೆ ಸೆಕೆಂಡಿಗೆ 170-180 ಮೀಟರ್ ವೇಗ ಧಾರಾಳ ಸಾಕು. ‘ಪವರ್ ಕಿಟ್’ ಎಂದು ಮಾರುವ ಸ್ಪ್ರಿಂಗನ್ನು ಮ್ಯಾಚ್ ರೈಫಲ್ಲಿಗೆ ಹಾಕುವವರನ್ನು ಕಂಡರೆ ನನಗೆ ಸಂಕಟ.

ಫೈನ್‌ವೆರ್ಕ್‌ಬಾವ್ 300 ಎಸ್ ಮಾದರಿಯಲ್ಲಿ ಇರುವುದು ಒಂದಲ್ಲ, ಎರಡು ಸ್ಪ್ರಿಂಗು, ಒಂದು ಬಲಸುತ್ತು, ಇನ್ನೊಂದು ಎಡಸುತ್ತು. ಸ್ಪ್ರಿಂಗು ಬಿಚ್ಚಿಕೊಳ್ಳುವಾಗ ತುಸು ತಿರುಚುತ್ತದೆ. ಎರಡೂ ಎದುರುಬದುರಾಗಿ ತಿರುಚಿದರೆ ಬಂದೂಕು ಹೊರಳುವುದಿಲ್ಲ. ಅಳತೆ ಸರಿಯಿದೆ ಎಂದು ಎರಡೂ ಒಂದೇ ಸುತ್ತಿನವನ್ನು ಹಾಕಿದರೆ ಹಳಿಗೆ ಕಾಣದ ಒದೆಯೊಂದು ಅಡ್ಡಕ್ಕೆ ಹುಟ್ಟುತ್ತದೆ. ತಡೆ ರಬ್ಬರಿನ ಬಿಲ್ಲೆ ಒಂದು ಮಿಲಿಮೀಟರ್ ದಪ್ಪವಾದರೂ ಪಿಸ್ಟನ್ನಿನ ಓಟ ಅಷ್ಟು ಮೊಟಕು. ಆದ್ದರಿಂದ ಮಾದರಿಯ ಹೆಸರಿನ ಜೊತೆ ಬಂದೂಕಿನ ಕ್ರಮಸಂಖ್ಯೆಯನ್ನೂ ಬರೆದು ಕಳಿಸಿ, ಸೀಲು, ಬಿಲ್ಲೆ, ಸ್ಪ್ರಿಂಗು ಮೂರನ್ನೂ ಒಂದೇ ಕಡೆಯಿಂದ ತರಿಸುವುದು ಒಳ್ಳೆಯದು. ಹಾಕಿಸಿದ ಮೇಲೆ ವೇಗ ಅಳೆಯುವ ಯಂತ್ರದ ಮುಂದೆ ಹತ್ತು ಗುಂಡು ಹೊಡೆದು ನೋಡಬೇಕು. ವೇಗ ಎಷ್ಟು ಎಂಬುದಕ್ಕಿಂತ ಗುಂಡಿನಿಂದ ಗುಂಡಿಗೆ ಎಷ್ಟು ಏರಿಳಿಯುತ್ತದೆ ಎಂಬುದೇ ಅಲ್ಲಿ ನೋಡಬೇಕಾದ್ದು.

ಹಳಿಯೂ ಜೋಡಿ ಪಿಸ್ಟನ್ನೂ ಹೆಚ್ಚು ಕಾಲ ರಾಜ್ಯವಾಳಲಿಲ್ಲ. 1974ರಲ್ಲಿ ವಾಲ್ಟರ್ ಕಂಪನಿ ಸ್ಪ್ರಿಂಗನ್ನೇ ತೆಗೆದುಹಾಕಿತು. ಪಕ್ಕದ ಹಿಡಿಯನ್ನು ಒಮ್ಮೆ ಎಳೆದರೆ ಗಾಳಿ ಮೊದಲೇ ಹಿಂಡಿಟ್ಟಿರುತ್ತದೆ, ಟ್ರಿಗರ್ ಎಳೆದಾಗ ತೆರೆಯುವುದು ಕವಾಟ ಮಾತ್ರ, ಭಾರದ ಪಿಸ್ಟನ್ ಆ ಹೊತ್ತಿಗೆ ಅಲುಗುವುದೇ ಇಲ್ಲ. ಏರ್ ರೈಫಲ್ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸೇರುವ ಕಾಲಕ್ಕೆ ಫೈನ್‌ವೆರ್ಕ್‌ಬಾವ್ ಕೂಡ ತನ್ನ ಹೆಮ್ಮೆಯ ಹಳಿ ಬಿಟ್ಟು ಈ ದಾರಿಗೆ ಬಂದಿತ್ತು. ಈಗಿನವು ಗಾಳಿ ತುಂಬಿದ ಸಿಲಿಂಡರ್ ಹೊತ್ತ ರೈಫಲ್ಲುಗಳು. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ಸ್ ಕೋಟಾ ತಂದದ್ದೂ ಈ ಸ್ಪರ್ಧೆಯಲ್ಲೇ.

ಇಂಥ ರೈಫಲ್ಲಿನಲ್ಲಿ ಉಳಿದ ಒದೆ ಎಷ್ಟು? ಗುಂಡು 0.53 ಗ್ರಾಂ, ನಳಿಗೆಯಲ್ಲಿ ಅದು ಓಡುವ ದೂರ 42 ಸೆಂಟಿಮೀಟರ್, ರೈಫಲ್ಲು 5 ಕಿಲೊ ಎಂದರೆ ಗುಂಡು ಹೊರಬೀಳುವಷ್ಟರಲ್ಲಿ ರೈಫಲ್ಲು ಹಿಂದೆ ಸರಿಯುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕೂ ಕಡಿಮೆ. ಇಷ್ಟಾದರೂ ತಯಾರಕರು ಬಿಡಲಿಲ್ಲ. ಕವಾಟದ ಬಳಿ ಚಿಕ್ಕದೊಂದು ತೂಕವಿಟ್ಟು, ಹೊಡೆದಾಗ ಅದು ಎದುರು ದಿಕ್ಕಿಗೆ ಸರಿದು ಉಳಿದ ಕಂಪನವನ್ನೂ ತೂಗಿಸುವಂತೆ ಮಾಡಿ, ಅದಕ್ಕೆ ಅಬ್ಸಾರ್ಬರ್ ಎಂದು ಹೆಸರಿಟ್ಟರು. ಗಿಸ್‌ನ ಎರಡನೆಯ ಪಿಸ್ಟನ್ನೇ ಅದು, ಕಿರಿದಾಗಿ ಮರಳಿ ಬಂದಿದೆ.